ಉಂಗುರಗಳ ಎಣಿಕೆಯೇ ಕ್ವಾರ್ಟರ್‌ಬ್ಯಾಕ್‌ನ ಅಳತೆಗೋಲೇ? – ಪರ ಮತ್ತು ವಿರೋಧ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ಆಕ್ರಮಣವನ್ನು ಮುನ್ನಡೆಸುವ ಆಟಗಾರರಾದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂಬ ಚರ್ಚೆ ಎಲ್ಲಿ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ: ಅವರು ಎಷ್ಟು ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ವಾರ್ಷಿಕ ಫೈನಲ್, ಗೆದ್ದಿದ್ದಾರೆ? ಗೆದ್ದ ತಂಡದ ಆಟಗಾರರಿಗೆ ಉಂಗುರ ಕೊಡುವ ರೂಢಿ ಇರುವುದರಿಂದ ಅಭಿಮಾನಿಗಳು ಇದನ್ನು ಉಂಗುರಗಳ ಲೆಕ್ಕ ಎನ್ನುತ್ತಾರೆ. ಟಾಮ್ ಬ್ರೇಡಿಯವರಿಗೆ 7, ಜೋ ಮೊಂಟಾನಾ ಮತ್ತು ಟೆರ್ರಿ ಬ್ರ್ಯಾಡ್‌ಶಾ ಅವರಿಗೆ ತಲಾ 4, ಪ್ಯಾಟ್ರಿಕ್ ಮಹೋಮ್ಸ್ ಅವರಿಗೆ ಇದುವರೆಗೆ 3, ಡ್ಯಾನ್ ಮರೀನೊ ಅವರಿಗೆ ಒಂದೂ ಇಲ್ಲ. ಶ್ರೇಣಿ ಕಟ್ಟುವಾಗ ಈ ಲೆಕ್ಕವನ್ನೇ ಮೊದಲ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿಯೇ? ಎರಡೂ ಪಕ್ಷಗಳಿಗೆ ಇರುವ ಅತ್ಯಂತ ಬಲವಾದ ವಾದವನ್ನು ಇಲ್ಲಿ ಮುಂದಿಡುತ್ತಿದ್ದೇನೆ. ನನ್ನ ಒಲವು ವಿರೋಧದ ಕಡೆಗಿದೆ. ಆದರೂ ಪರವಾದ ವಾದವನ್ನು ತಳ್ಳಿಹಾಕುವುದು ನನ್ನ ಪಕ್ಷದವರು ಅಂದುಕೊಂಡಷ್ಟು ಸುಲಭವಲ್ಲ ಎಂಬುದನ್ನು ಮೊದಲೇ ಹೇಳಬೇಕು.

ಪರ

ಯಾವ ಆಟಗಾರನನ್ನೇ ಆಗಲಿ, ಅಳೆಯುವ ಮೊದಲು ಅವನ ಕೆಲಸವೇನು ಎಂಬುದನ್ನು ತಿಳಿಯಬೇಕು. ಕ್ವಾರ್ಟರ್‌ಬ್ಯಾಕ್‌ನ ಕೆಲಸ ಚೆಂಡು ಎಸೆಯುವುದಷ್ಟೇ ಅಲ್ಲ. ಆಕ್ರಮಣಕ್ಕಿಳಿದ ತಂಡದಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಮೈದಾನದಲ್ಲಿರುವ ಆ ಹನ್ನೊಂದು ಮಂದಿಯಲ್ಲಿ ತರಬೇತುದಾರರ ಮಾತು ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಕೇಳಿಸುವುದು ಅವನೊಬ್ಬನಿಗೆ. ಎದುರಾಳಿಗಳು ನಿಂತಿರುವ ಬಗೆಯನ್ನು ಓದಿ, ಚೆಂಡು ಕೈಗೆ ಬರುವ ಮುನ್ನವೇ ಯೋಜನೆಯನ್ನು ಬದಲಿಸುವವನೂ ಅವನೇ. ಇಡೀ ಆಕ್ರಮಣದ ತೀರ್ಮಾನಗಳನ್ನು ಹೊತ್ತವನನ್ನು, ಆ ತೀರ್ಮಾನಗಳ ಬೆಲೆ ಅತಿ ಹೆಚ್ಚಾಗಿರುವ ಪಂದ್ಯಗಳಲ್ಲಿ ಏನಾಯಿತು ಎಂಬುದರಿಂದ ಅಳೆಯದೆ ಇನ್ನಾವುದರಿಂದ ಅಳೆಯಬೇಕು?

ಅಂಕಿ-ಅಂಶಗಳಿಂದ ಎನ್ನುವವರಿದ್ದಾರೆ. ಲೀಗ್ 1973ರಲ್ಲಿ ಅಳವಡಿಸಿಕೊಂಡ ಪಾಸರ್ ರೇಟಿಂಗ್ ಅನ್ನೇ ನೋಡೋಣ. ಗುರಿ ಮುಟ್ಟಿದ ಪಾಸ್‌ಗಳ ಪ್ರಮಾಣ, ಪ್ರತಿ ಪಾಸ್‌ಗೆ ದಕ್ಕಿದ ಗಜಗಳು, ಟಚ್‌ಡೌನ್‌ಗಳು (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಗಳಿಸುವ ಅಂಕಗಳು), ಎದುರಾಳಿಗಳ ಕೈಸೇರಿದ ಪಾಸ್‌ಗಳು, ಈ ನಾಲ್ಕನ್ನು ಕೂಡಿಸಿ ಅದು 158.3ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತದೆ. ಚೆಂಡನ್ನು ಉಳಿಸಿಕೊಳ್ಳಲು ಬೇಕಾದಷ್ಟು ದೂರ ಸಾಗಲು ತಂಡಕ್ಕೆ ಸಿಗುವುದು ಡೌನ್ ಎಂಬ ನಾಲ್ಕು ಯತ್ನಗಳು. ಮೂರನೇ ಡೌನ್‌ನಲ್ಲಿ 15 ಗಜ ಬೇಕಾಗಿರುವಾಗ 10 ಗಜದ ಸುರಕ್ಷಿತ ಪಾಸ್ ಎಸೆದು, ಮುಂದಿನ ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ ಕ್ವಾರ್ಟರ್‌ಬ್ಯಾಕ್‌ಗೂ ಆ ಲೆಕ್ಕದಲ್ಲಿ ಲಾಭವೇ. ಮೂವತ್ತು ಅಂಕ ಹಿಂದಿದ್ದು, ಎದುರಾಳಿಗಳು ಬಿಗಿ ಸಡಿಲಿಸಿದಾಗ ಎಸೆದ ಟಚ್‌ಡೌನ್‌ಗೂ ಪಂದ್ಯದ ಕೊನೆಯ ನಿಮಿಷದಲ್ಲಿ ಗೆಲುವು ತಂದ ಟಚ್‌ಡೌನ್‌ಗೂ ಅಲ್ಲಿ ಒಂದೇ ತೂಕ.

ಇನ್ನೊಂದು ತೊಡಕು ಕಾಲದ್ದು. 1978ರಲ್ಲಿ ನಿಯಮ ಬದಲಾಗಿ, ಪಾಸ್ ಹಿಡಿಯಲು ಓಡುವವರನ್ನು ಐದು ಗಜದಾಚೆ ತಡೆಯುವಂತಿಲ್ಲ ಎಂದಾಯಿತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಕೈ ಚಾಚಿ ತಡೆಯಲು ಅನುಮತಿ ದೊರೆಯಿತು. ಅದೇ ವರ್ಷ ಪಂದ್ಯಗಳು 14ರಿಂದ 16ಕ್ಕೇರಿದವು, 2021ರಲ್ಲಿ 17 ಆದವು. 1967ರಲ್ಲಿ ಜೋ ನಾಮತ್ 14 ಪಂದ್ಯಗಳಲ್ಲಿ 4,007 ಗಜ ಎಸೆದು, ಒಂದೇ ಋತುವಿನಲ್ಲಿ ನಾಲ್ಕು ಸಾವಿರ ದಾಟಿದ ಮೊದಲಿಗರಾದರು. ಅವರ ವೃತ್ತಿಜೀವನದ ರೇಟಿಂಗ್ ಮಾತ್ರ 65.5; ಇಂದು ಅಷ್ಟು ರೇಟಿಂಗ್ ಇರುವವರಿಗೆ ತಂಡದಲ್ಲಿ ಜಾಗ ಉಳಿಯುವುದೇ ಕಷ್ಟ. ಹೀಗೆ ಗಜಗಳೂ ಟಚ್‌ಡೌನ್‌ಗಳೂ ದಶಕದಿಂದ ದಶಕಕ್ಕೆ ಅಗ್ಗವಾಗುತ್ತಾ ಹೋಗಿವೆ. ಪ್ರಶಸ್ತಿ ಮಾತ್ರ ಅಂದಿಗೂ ಇಂದಿಗೂ ವರ್ಷಕ್ಕೆ ಒಂದೇ, ಮತ್ತು 1969ರ ಜನವರಿಯಲ್ಲಿ ಯಾರೂ ನಿರೀಕ್ಷಿಸದಿದ್ದಾಗ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು 16-7ರಿಂದ ಸೋಲಿಸಿ ನಾಮತ್ ಅದನ್ನು ಗೆದ್ದರು.

ಅಂಕಿಗಳಲ್ಲಿ ಕಾಣದ್ದು ಏನೆಂದು ತೋರಿಸಲು 2002ರ ಫೆಬ್ರವರಿ 3ರ ನ್ಯೂ ಆರ್ಲಿಯನ್ಸ್ ಸೂಪರ್ ಬೌಲ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. ಪೇಟ್ರಿಯಟ್ಸ್ ಮತ್ತು ರ‍್ಯಾಮ್ಸ್ 17-17ರಲ್ಲಿ ಸಮ. ಒಂದು ನಿಮಿಷ 21 ಸೆಕೆಂಡ್ ಉಳಿದಿದೆ. ಚೆಂಡು ಪೇಟ್ರಿಯಟ್ಸ್‌ನದೇ 17 ಗಜದ ಗೆರೆಯಲ್ಲಿದೆ. ಒಂದೂ ಟೈಮ್‌ಔಟ್ ಇಲ್ಲ. ಎರಡು ವರ್ಷದ ಹಿಂದೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ 199ನೆಯ ಆಯ್ಕೆಯಾಗಿ ಬಂದಿದ್ದ, ಪೇಟ್ರಿಯಟ್ಸ್‌ನ ಖಾಯಂ ಕ್ವಾರ್ಟರ್‌ಬ್ಯಾಕ್ ಗಾಯಗೊಂಡದ್ದರಿಂದ ಜಾಗ ಪಡೆದಿದ್ದ ಬ್ರೇಡಿ ಅಲ್ಲಿ ನಿಂತಿದ್ದರು. ವೀಕ್ಷಕ ವಿವರಣೆ ನೀಡುತ್ತಿದ್ದ ಜಾನ್ ಮ್ಯಾಡನ್, ಅಪಾಯಕ್ಕೆ ಕೈಹಾಕದೆ ಹೆಚ್ಚುವರಿ ಅವಧಿಗೆ ಹೋಗುವುದೇ ಲೇಸು ಎಂದರು. ಬ್ರೇಡಿ ಸಣ್ಣ ಸಣ್ಣ ಪಾಸ್‌ಗಳಿಂದ ಜಾಗ ಮಾಡಿಕೊಂಡು, ಟ್ರಾಯ್ ಬ್ರೌನ್ ಅವರಿಗೆ 23 ಗಜದ ಪಾಸ್ ಎಸೆದು, ಎದುರಾಳಿಯ 30 ಗಜದ ಗೆರೆಗೆ ತಂಡವನ್ನು ತಂದು, ಏಳು ಸೆಕೆಂಡ್ ಉಳಿದಿರುವಾಗ ಗಡಿಯಾರ ನಿಲ್ಲಿಸಿದರು. ಆ ದಿನ ಅವರ ಒಟ್ಟು ಗಳಿಕೆ 145 ಗಜ. ಆ ಸಂಖ್ಯೆಯನ್ನಷ್ಟೇ ನೋಡಿದವರು ಅದನ್ನು ಸಾಧಾರಣ ದಿನ ಎಂದುಕೊಳ್ಳುತ್ತಾರೆ.

ಒಂದು ಉಂಗುರ ಅದೃಷ್ಟದಿಂದ ಬರಬಹುದು ಎಂಬುದನ್ನು ಈ ಪಕ್ಷವೂ ಒಪ್ಪುತ್ತದೆ. ಆದರೆ ಅದೃಷ್ಟ ಏಳು ಸಲ ಒಬ್ಬರನ್ನೇ ಹುಡುಕಿಕೊಂಡು ಬರುವುದಿಲ್ಲ. ಬ್ರೇಡಿಯವರ ಮೊದಲ ಗೆಲುವಿಗೂ 2021ರ ಫೆಬ್ರವರಿಯ ಕೊನೆಯ ಗೆಲುವಿಗೂ ನಡುವೆ 19 ವರ್ಷಗಳಿವೆ. ಆ ಅವಧಿಯಲ್ಲಿ ಜೊತೆಗಾರರು ಬದಲಾದರು, ಆಡುವ ಶೈಲಿ ಬದಲಾಯಿತು, ಕಡೆಗೆ ತಂಡವೂ ಬದಲಾಗಿ ಟ್ಯಾಂಪಾ ಬೇ ಆಯಿತು. ಬದಲಾಗದೆ ಉಳಿದವರು ಅವರೊಬ್ಬರೇ. ಅವರು ಬಿಟ್ಟುಬಂದ ಪೇಟ್ರಿಯಟ್ಸ್ ಅದೇ ಋತುವಿನಲ್ಲಿ 7 ಗೆದ್ದು 9 ಸೋತಿತು.

ವಿರೋಧ

ಮೇಲಿನ ಕಥೆಯಲ್ಲಿ ಒಂದು ಭಾಗ ಬಾಕಿ ಉಳಿದಿದೆ. ಏಳು ಸೆಕೆಂಡ್ ಉಳಿದಿರುವಾಗ ಪಂದ್ಯ ಇನ್ನೂ ಸಮವಾಗಿಯೇ ಇತ್ತು. ಅದನ್ನು ಗೆದ್ದುಕೊಟ್ಟದ್ದು ಕಿಕ್ಕರ್ ಆಡಮ್ ವಿನಟೇರಿ ಒದ್ದ 48 ಗಜದ ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕ. ಚೆಂಡು ಕಂಬಗಳ ನಡುವೆ ಹಾರುವಾಗ ಬ್ರೇಡಿ ಗೆರೆಯಾಚೆ ನಿಂತು ನೋಡುತ್ತಿದ್ದರು.

ಈಗ ಹನ್ನೊಂದು ವರ್ಷ ಹಿಂದಕ್ಕೆ, 1991ರ ಜನವರಿ 27ರ ಟ್ಯಾಂಪಾದ ಸೂಪರ್ ಬೌಲ್‌ಗೆ ಬರೋಣ. ನ್ಯೂಯಾರ್ಕ್ ಜೈಂಟ್ಸ್ 20, ಬಫಲೋ ಬಿಲ್ಸ್ 19. ಎರಡು ನಿಮಿಷದ ಮೇಲೆ 16 ಸೆಕೆಂಡ್ ಉಳಿದಿರುವಾಗ ಬಿಲ್ಸ್‌ನ ಜಿಮ್ ಕೆಲ್ಲಿಯವರ ಕೈಗೆ ಚೆಂಡು ಬಂದದ್ದು ತಮ್ಮದೇ 10 ಗಜದ ಗೆರೆಯಲ್ಲಿ. ಅಲ್ಲಿಂದ ಅವರು ತಂಡವನ್ನು ಜೈಂಟ್ಸ್‌ನ 29 ಗಜದ ಗೆರೆಯವರೆಗೆ ಕರೆದೊಯ್ದರು. ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದರು. ಚೆಂಡು ಬಲಗಂಬದ ಹೊರಗೆ ಹೋಯಿತು. ಬ್ರೇಡಿ ತಮ್ಮ ಕಿಕ್ಕರ್‌ಗೆ ಒದಗಿಸಿದ ದೂರಕ್ಕಿಂತ ಒಂದು ಗಜ ಹತ್ತಿರದ ಅವಕಾಶವನ್ನು ಕೆಲ್ಲಿ ಒದಗಿಸಿದ್ದರು. ಕ್ವಾರ್ಟರ್‌ಬ್ಯಾಕ್‌ನ ಕೆಲಸವನ್ನೇ ಅಳೆಯಬೇಕೆನ್ನುವವರು ಈ ಎರಡು ಆಕ್ರಮಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಇಬ್ಬರ ಕೆಲಸವೂ ಒಂದೇ, ಇಬ್ಬರೂ ಅದನ್ನು ಚೆನ್ನಾಗಿಯೇ ಮಾಡಿದರು. ಒಬ್ಬರಿಗೆ ಉಂಗುರ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಕೆಲ್ಲಿ ಬಿಲ್ಸ್ ತಂಡವನ್ನು ಸತತವಾಗಿ ನಾಲ್ಕು ಸೂಪರ್ ಬೌಲ್‌ಗಳಿಗೆ ತಂದರು. ಬೇರೆ ಯಾವ ತಂಡವೂ ಅದನ್ನು ಸಾಧಿಸಿಲ್ಲ. ನಾಲ್ಕನ್ನೂ ಸೋತದ್ದರಿಂದ ಉಂಗುರಗಳ ಲೆಕ್ಕದಲ್ಲಿ ಅವರ ಸ್ಥಾನ ಟ್ರೆಂಟ್ ಡಿಲ್ಫರ್ ಅವರ ಕೆಳಗೆ. 2000ದ ಋತುವಿನ ಬಾಲ್ಟಿಮೋರ್ ರೇವನ್ಸ್ ತಂಡದ ರಕ್ಷಣಾ ಪಡೆ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 165 ಅಂಕ ಮಾತ್ರ. ಆ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಡಿಲ್ಫರ್ ಉಂಗುರ ಪಡೆದರು, ಮತ್ತು ಗೆದ್ದ ಬೆನ್ನಿಗೇ ಅದೇ ತಂಡ ಅವರನ್ನು ಉಳಿಸಿಕೊಳ್ಳದೆ ಕೈಬಿಟ್ಟಿತು. ರೇವನ್ಸ್‌ನ ಆಡಳಿತವೇ ಆ ಉಂಗುರವನ್ನು ಅವರ ಲೆಕ್ಕಕ್ಕೆ ಬರೆಯಲಿಲ್ಲ.

ಬೇರೆ ಬೇರೆ ಆಟಗಾರರ ಹೋಲಿಕೆ ಬೇಡವೆನ್ನುವವರು ಒಬ್ಬರನ್ನೇ ನೋಡಲಿ. ನನಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ನಿರ್ಣಾಯಕವಾಗಿ ಕಾಣುವುದು ಪೇಟನ್ ಮ್ಯಾನಿಂಗ್ ಅವರ ಎರಡು ಋತುಗಳು. 2013ರಲ್ಲಿ ಡೆನ್ವರ್ ಬ್ರಾಂಕೋಸ್ ಪರವಾಗಿ ಅವರು 5,477 ಗಜ ಎಸೆದು, 55 ಟಚ್‌ಡೌನ್ ಗಳಿಸಿದರು. ಆಗ ಎರಡೂ ದಾಖಲೆಗಳೇ. ಆ ಋತುವಿನ ಸೂಪರ್ ಬೌಲ್‌ನಲ್ಲಿ ಮೊದಲ ಚೆಂಡೇ ಅವರ ತಲೆಯ ಮೇಲೆ ಹಾರಿ ಹಿಂದಕ್ಕೆ ಹೋಗಿ ಸಿಯಾಟಲ್‌ಗೆ ಎರಡು ಅಂಕ ದೊರೆಯಿತು, ಕೊನೆಗೆ ಬ್ರಾಂಕೋಸ್ 43-8ರಿಂದ ಸೋತಿತು. ಎರಡು ವರ್ಷದ ಬಳಿಕ, 2015ರಲ್ಲಿ, ದೇಹ ಸಹಕರಿಸುತ್ತಿರಲಿಲ್ಲ. 9 ಟಚ್‌ಡೌನ್‌ಗಳ ಎದುರಿಗೆ 17 ಪಾಸ್‌ಗಳು ಎದುರಾಳಿಗಳ ಪಾಲಾದವು. ಋತುವಿನ ನಡುವೆ ಅವರನ್ನು ಕೂರಿಸಿ ಬೇರೊಬ್ಬರನ್ನು ಆಡಿಸಬೇಕಾಯಿತು. ಫೈನಲ್‌ನಲ್ಲಿ ಅವರು ಎಸೆದದ್ದು 141 ಗಜ, ಟಚ್‌ಡೌನ್ ಪಾಸ್ ಒಂದೂ ಇಲ್ಲ. ವಾನ್ ಮಿಲ್ಲರ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ಅವರ ಕೈಯಿಂದ ಎರಡು ಸಲ ಚೆಂಡು ಬೀಳಿಸಿದರು, ಪಂದ್ಯಶ್ರೇಷ್ಠರೂ ಆದರು. ಬ್ರಾಂಕೋಸ್ 24-10ರಿಂದ ಗೆದ್ದಿತು. ಉಂಗುರವೇ ಅಳತೆಯಾದರೆ 2015ರ ಮ್ಯಾನಿಂಗ್ 2013ರ ಮ್ಯಾನಿಂಗ್‌ಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಎನ್ನಬೇಕಾಗುತ್ತದೆ. ಆ ಎರಡು ವರ್ಷ ಆಟ ನೋಡಿದ ಯಾರೂ ಈ ಮಾತನ್ನು ಒಪ್ಪಲಾರರು.

ಬ್ರೇಡಿಯವರ ದಾಖಲೆಯಲ್ಲೂ ಇದೇ ವಿಪರ್ಯಾಸವಿದೆ. 2018ರ ಫೆಬ್ರವರಿಯಲ್ಲಿ ಅವರು 505 ಗಜ ಮತ್ತು ಮೂರು ಟಚ್‌ಡೌನ್ ಎಸೆದು, ಒಂದು ಪಾಸ್ ಅನ್ನೂ ಎದುರಾಳಿಗೆ ಒಪ್ಪಿಸದೆ, 41-33ರಿಂದ ಸೋತರು. ಮರುವರ್ಷ 262 ಗಜ ಎಸೆದು, ಟಚ್‌ಡೌನ್ ಒಂದೂ ಇಲ್ಲದೆ 13-3ರಿಂದ ಗೆದ್ದರು. ಉಂಗುರ ಬಂದದ್ದು ಎರಡನೆಯದಕ್ಕೆ.

ಉಂಗುರ ಎಣಿಸುವವರು ಎಣಿಸದೆ ಬಿಡುವುದೂ ಬಹಳ ಇದೆ. ಮೊಂಟಾನಾ ಸೂಪರ್ ಬೌಲ್‌ನಲ್ಲಿ ಎಂದೂ ಸೋತಿಲ್ಲ, ನಾಲ್ಕಕ್ಕೆ ನಾಲ್ಕು ಗೆದ್ದಿದ್ದಾರೆ, 11 ಟಚ್‌ಡೌನ್ ಎಸೆದು ಒಂದು ಪಾಸ್ ಅನ್ನೂ ಎದುರಾಳಿಗೆ ಕೊಟ್ಟಿಲ್ಲ ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಆದರೆ 1985, 1986 ಮತ್ತು 1987ರ ಮೂರೂ ಋತುಗಳಲ್ಲಿ ಅವರ ತಂಡ ಪ್ಲೇಆಫ್‌ನ ತನ್ನ ಮೊದಲ ಪಂದ್ಯದಲ್ಲೇ ಸೋತಿತ್ತು, ಅದರಲ್ಲಿ ಒಂದು 49-3ರ ಸೋಲು. ಬೇಗ ಸೋತವರ ಸೋಲು ಮರೆಗೆ ಸರಿದು, ಫೈನಲ್‌ವರೆಗೆ ಬಂದು ಸೋತವರ ಸೋಲು ಕಳಂಕವಾಗಿ ಉಳಿಯುವ ಲೆಕ್ಕದಲ್ಲಿ ನ್ಯಾಯವಿದೆ ಎನ್ನಲು ನನಗೆ ಸಾಧ್ಯವಿಲ್ಲ.

ಕೆಲವೊಮ್ಮೆ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡೇ ಸಿಗುವುದಿಲ್ಲ. 2022ರ ಜನವರಿ 23ರಂದು ಕಾನ್ಸಸ್ ಸಿಟಿಯಲ್ಲಿ ಬಫಲೋದ ಜಾಶ್ ಅಲೆನ್ ಅಂದಿನ ತಮ್ಮ ನಾಲ್ಕನೆಯ ಟಚ್‌ಡೌನ್ ಪಾಸ್ ಎಸೆದು 36-33ರ ಮುನ್ನಡೆ ತಂದಾಗ ಉಳಿದದ್ದು 13 ಸೆಕೆಂಡ್. ಅಷ್ಟರಲ್ಲೇ ಕಾನ್ಸಸ್ ಸಿಟಿ ಚೀಫ್ಸ್‌ನ ಮಹೋಮ್ಸ್ ಫೀಲ್ಡ್ ಗೋಲ್‌ನ ಅಂತರಕ್ಕೆ ತಂಡವನ್ನು ತಂದು ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಗೆ ನಾಣ್ಯ ಚಿಮ್ಮಿದಾಗ ಅದು ಚೀಫ್ಸ್ ಕಡೆ ಬಿತ್ತು, ಅವರು ಮೊದಲ ಸರದಿಯಲ್ಲೇ ಟಚ್‌ಡೌನ್ ಗಳಿಸಿ 42-36ರಿಂದ ಗೆದ್ದರು. ಅಲೆನ್ ಮತ್ತೆ ಚೆಂಡು ಮುಟ್ಟಲೇ ಇಲ್ಲ. ಇದು ಸರಿಯಲ್ಲವೆಂದು ಲೀಗಿಗೇ ಅನ್ನಿಸಿ, ಪ್ಲೇಆಫ್‌ನ ಹೆಚ್ಚುವರಿ ಅವಧಿಯಲ್ಲಿ ಎರಡೂ ತಂಡಗಳಿಗೆ ಚೆಂಡು ಸಿಗುವಂತೆ ಎರಡೇ ತಿಂಗಳಲ್ಲಿ ನಿಯಮ ತಿದ್ದಿತು.

ಪರ ಪಕ್ಷದ ಗಟ್ಟಿ ವಾದವೆಂದರೆ ಪುನರಾವರ್ತನೆ, ಮತ್ತು ಅದಕ್ಕೆ ಉತ್ತರ ಕೊಡಲೇಬೇಕು. ಏಳು ಸಲ ಗೆದ್ದದ್ದು ಅದೃಷ್ಟವಲ್ಲ ಎಂಬುದು ಸರಿ. ಆದರೆ ಬ್ರೇಡಿ ಮೊದಲಿಗರೆನ್ನಲು ಉಂಗುರಗಳ ಆಸರೆಯೇ ಬೇಕಿಲ್ಲ. 89,214 ಗಜ, 649 ಟಚ್‌ಡೌನ್, 44ನೆಯ ವಯಸ್ಸಿನಲ್ಲಿ 5,316 ಗಜ ಎಸೆದು ಇಡೀ ಲೀಗಿಗೆ ಮೊದಲಿಗರಾದದ್ದು, ಇಷ್ಟೇ ಸಾಕು. ಅಳತೆಗೋಲಿನ ಪರೀಕ್ಷೆ ಆಗುವುದು ಎಲ್ಲ ದಾರಿಗಳೂ ಒಂದೇ ಹೆಸರಿಗೆ ಬರುವಲ್ಲಿ ಅಲ್ಲ, ಪಟ್ಟಿಯ ನಡುವಿನಲ್ಲಿ. ಅಲ್ಲಿ ಉಂಗುರಗಳ ಲೆಕ್ಕ ಮರೀನೊ ಅವರನ್ನು ಎರಡು ಉಂಗುರಗಳ ಜಿಮ್ ಪ್ಲಂಕೆಟ್ ಅವರ ಕೆಳಗೆ ಕೂರಿಸುತ್ತದೆ. ಮರೀನೊ 1984ರಲ್ಲಿ, ಆಡಲಿಳಿದ ಎರಡನೆಯ ವರ್ಷವೇ, 5,084 ಗಜ ಮತ್ತು 48 ಟಚ್‌ಡೌನ್ ಎಸೆದವರು. ಆ ಟಚ್‌ಡೌನ್ ದಾಖಲೆ ಮುರಿಯಲು ಇಪ್ಪತ್ತು ವರ್ಷ ಬೇಕಾಯಿತು. ಅವರ 17 ಋತುಗಳಲ್ಲಿ ಡಾಲ್ಫಿನ್ಸ್ ತಂಡದ ಓಟಗಾರರೊಬ್ಬರು ಸಾವಿರ ಗಜ ದಾಟಿದ್ದು ಒಂದೇ ಒಂದು ಸಲ. ಅಂದರೆ ಎದುರಾಳಿಗಳು ಪಾಸ್ ಒಂದನ್ನೇ ಕಾದು ಕುಳಿತಿದ್ದರು, ಆದರೂ ಅವರು ಎಸೆದರು. ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆ ಮಾಡುವವರೂ ಮರೀನೊ ಮತ್ತು ಕೆಲ್ಲಿ ಇಬ್ಬರನ್ನೂ ಅರ್ಹರಾದ ಮೊದಲ ವರ್ಷವೇ ಆರಿಸಿದರು. ಪ್ಲಂಕೆಟ್ ಅಲ್ಲಿಲ್ಲ.

ಹಾಗಾದರೆ ಶ್ರೇಣಿ ಕಟ್ಟುವುದು ಹೇಗೆ? ಪಾಸರ್ ರೇಟಿಂಗ್ ಕುರಿತ ದೂರುಗಳನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಅದಕ್ಕಿಂತ ಉತ್ತಮ ಲೆಕ್ಕಗಳಿವೆ. ಪ್ರತಿ ಆಟಕ್ಕೂ ಮೊದಲು ಆ ಡೌನ್‌ನಲ್ಲಿ, ಆ ದೂರದಲ್ಲಿ, ಮೈದಾನದ ಆ ಜಾಗದಲ್ಲಿ ಸರಾಸರಿ ಎಷ್ಟು ಅಂಕ ನಿರೀಕ್ಷಿಸಬಹುದು, ಆಟದ ನಂತರ ಆ ನಿರೀಕ್ಷೆ ಎಷ್ಟು ಏರಿತು ಅಥವಾ ಇಳಿಯಿತು ಎಂದು ಎಣಿಸುವ ಕ್ರಮ ಈಗ ಬಳಕೆಯಲ್ಲಿದೆ. ಈ ಚಿಂತನೆಗೆ ಅಡಿಪಾಯ ಹಾಕಿದ 1971ರ ಪ್ರಬಂಧದ ಇಬ್ಬರು ಲೇಖಕರಲ್ಲಿ ಒಬ್ಬರು, ಸಿನ್ಸಿನಾಟಿ ಬೆಂಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದ ವರ್ಜಿಲ್ ಕಾರ್ಟರ್. ಮೂರನೇ ಡೌನ್‌ನಲ್ಲಿ ಸಾಲದ 10 ಗಜಕ್ಕೆ ಈ ಲೆಕ್ಕ ಮೆಚ್ಚುಗೆ ಕೊಡುವುದಿಲ್ಲ. ಕಾಲದ ತೊಡಕಿಗೆ ಪರಿಹಾರ ಇನ್ನೂ ಸರಳ: ನಾಮತ್ ಅವರನ್ನು ಮಹೋಮ್ಸ್ ಜೊತೆಗಲ್ಲ, ಅದೇ ನಿಯಮಗಳಡಿ ಆಡಿದ 1960ರ ದಶಕದ ಉಳಿದವರ ಜೊತೆಗಿಟ್ಟು, ಅವರಿಗಿಂತ ಎಷ್ಟು ಮುಂದಿದ್ದರು ಎಂದು ನೋಡಬೇಕು. ಪ್ಲೇಆಫ್ ಪಂದ್ಯಗಳನ್ನೂ ಸೇರಿಸಿ ಎಣಿಸಬೇಕು, ಬೇಕಿದ್ದರೆ ಹೆಚ್ಚಿನ ತೂಕ ಕೊಟ್ಟೇ ಎಣಿಸಬೇಕು. ಆದರೆ ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದದ್ದನ್ನು ಎಣಿಸಬೇಕೇ ಹೊರತು ಕಿಕ್ಕರ್ ಒದ್ದದ್ದನ್ನಲ್ಲ.

ಹೀಗೆ ನೋಡಿದಾಗಲೂ ಇಂದಿನ ಆಟಗಾರರಲ್ಲಿ ನಾನು ಮಹೋಮ್ಸ್ ಅವರನ್ನೇ ಮೇಲಿಡುತ್ತೇನೆ. ಆ 13 ಸೆಕೆಂಡ್‌ಗಳಲ್ಲಿ ಅವರು ಮಾಡಿದ್ದು ಅದಕ್ಕೆ ಒಂದು ಕಾರಣ. ಅಲೆನ್ 2025ರ ಜನವರಿಯವರೆಗೆ ಪ್ಲೇಆಫ್‌ನಲ್ಲಿ ಅವರ ತಂಡಕ್ಕೆ ನಾಲ್ಕು ಸಲ ಸೋತಿದ್ದಾರೆ, ಅದೇ 2024ರ ಋತುವಿನ ಅತ್ಯಮೂಲ್ಯ ಆಟಗಾರನ ಪ್ರಶಸ್ತಿಯನ್ನೂ ಪಡೆದಿದ್ದಾರೆ. ಉಂಗುರಗಳ ಲೆಕ್ಕದಲ್ಲಿ ಇಬ್ಬರ ನಡುವಿನ ಅಂತರ ಮೂರಕ್ಕೆ ಸೊನ್ನೆ. ಮೈದಾನದಲ್ಲಿ ನಾನು ಕಾಣುವ ಅಂತರ ಅದಕ್ಕಿಂತ ಬಹಳ ಕಡಿಮೆ, ಮತ್ತು ನನ್ನ ಪಟ್ಟಿಯಲ್ಲಿ ಅಲೆನ್ ಅವರದು ಮಹೋಮ್ಸ್ ಅವರ ಮರುಸ್ಥಾನ.