ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಇಷ್ಟೊಂದು ಕ್ಲಾಸ್ ಬೇಕೆ?

ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್‌ನಲ್ಲಿ 1949ರಿಂದ ಸ್ಪೀಡ್ ವೀಕ್ ಎಂಬ ವೇಗದಾಖಲೆಯ ಸ್ಪರ್ಧೆ ನಡೆಯುತ್ತಿದೆ. ಅದನ್ನು ನಡೆಸುವ ಎಸ್‌ಸಿಟಿಎ (ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್) ಹುಟ್ಟಿದ್ದು 1937ರಲ್ಲಿ. ಕಾರಿನ ಎಂಜಿನ್ ಗಾತ್ರಕ್ಕೆ ಎಎಯಿಂದ ಕೆವರೆಗೆ 12 ಅಕ್ಷರ, ಹಳೆಯ ಎಂಜಿನ್‌ಗಳಿಗೆ ಬೇರೆಯೇ ಗುಂಪು. ಇದಕ್ಕೆ ಬಾಡಿ, ಇಂಧನ, ಬ್ಲೋವರ್ (ಎಂಜಿನ್‌ಗೆ ಒತ್ತಡದಿಂದ ಗಾಳಿ ತುಂಬುವ ಸಾಧನ) ಸೇರಿದರೆ, ಪ್ರತಿಯೊಂದಕ್ಕೂ ಬೇರೆ ದಾಖಲೆ ಇರುವ ಕ್ಲಾಸ್‌ಗಳು ನೂರಾರು. ಇಷ್ಟು ಬೇಕೆ?

ಪರ: ಅಕ್ಷರ ಇರುವುದರಿಂದಲೇ ಬಡ ಗ್ಯಾರೇಜಿಗೂ ದಾಖಲೆ

ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 150 ಮೈಲಿ ಓಡುವ ಕಾರನ್ನು ಅದೇ ಬಾಡಿಯಲ್ಲಿ 200ಕ್ಕೆ ಒಯ್ಯಬೇಕೆಂದರೆ ಸುಮಾರು 2.4 ಪಟ್ಟು ಅಶ್ವಶಕ್ತಿ ಬೇಕು. ಕ್ಲಾಸ್ ಇಲ್ಲದಿದ್ದರೆ ಇಲ್ಲಿ ಗೆಲ್ಲುವುದು ಹಣವೊಂದೇ.

ಡಿ/ಬಿಜಿಆರ್ ಎಂಬ ಕ್ಲಾಸನ್ನೇ ಬಿಡಿಸಿ ನೋಡಿ. ಡಿ ಎಂದರೆ 261ರಿಂದ 305.99 ಘನ ಇಂಚಿನ ಎಂಜಿನ್. ಬಿ ಎಂದರೆ ಬ್ಲೋವರ್ ಇದೆ. ಜಿ ಎಂದರೆ ಸಂಘಟಕರು ತುಂಬಿಸಿ ಸೀಲ್ ಮಾಡಿದ ಪೆಟ್ರೋಲ್ ಮಾತ್ರ. ಮೆಥನಾಲ್, ನೈಟ್ರೋ ಹಾಕಿದರೆ ಫ್ಯುಯೆಲ್ ಕ್ಲಾಸ್. ಆರ್ ಎಂದರೆ ರೋಡ್‌ಸ್ಟರ್. 1938ರವರೆಗಿನ ಆ ತೆರೆದ ಬಾಡಿಯನ್ನು ಕಿರಿದು ಮಾಡುವಂತಿಲ್ಲ, ಅದರ ಹೊರ ಆಕಾರ ಬದಲಿಸುವಂತಿಲ್ಲ. ಈ ಕಟ್ಟು ಇಲ್ಲದಿದ್ದರೆ ಎಲ್ಲರೂ ಸೂಜಿಮೊನೆಯ ಸ್ಟ್ರೀಮ್‌ಲೈನರ್‌ನತ್ತ ವಾಲುತ್ತಾರೆ, ರೋಡ್‌ಸ್ಟರ್ ಮ್ಯೂಸಿಯಮ್ಮಿಗೆ ಹೋಗುತ್ತದೆ. ಫೋರ್ಡ್‌ನ ಹಳೆಯ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ ಇಂದಿಗೂ ಉಪ್ಪಿನ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಓಡುತ್ತಿರುವುದು ಅದಕ್ಕೇ ಮೀಸಲಾದ ಎಕ್ಸ್‌ಎಫ್ ಎಂಬ ಅಕ್ಷರದ ದಯೆಯಿಂದ.

ಗಡಿ ಎಷ್ಟು ಕರಾರುವಾಕ್ಕು ಎಂಬುದಕ್ಕೆ ಒಂದು ಲೆಕ್ಕ. ಬೋರ್ (ಸಿಲಿಂಡರಿನ ವ್ಯಾಸ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3 ಇಂಚಿನ, ಎಂಟು ಸಿಲಿಂಡರಿನ ವಿ8: 0.7854 × 4 × 4 × 3 × 8 = 301.59 ಘನ ಇಂಚು. ನಿಶ್ಚಿಂತೆಯಿಂದ ಡಿ. ಸವೆದ ಬ್ಲಾಕನ್ನು ವಾಡಿಕೆಯಂತೆ 30 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು) ಹಿಗ್ಗಿಸಿ ಬೋರ್ ಮಾಡಿಸಿದರೆ 306.13, ಅಂದರೆ ಮೇಲಿನ ಸಿ. ಅಲ್ಲಿನ ಗರಿಷ್ಠ ಮಿತಿ 372.99; ಎದುರಾಳಿಗಿಂತ 18 ಶೇಕಡ ಸಣ್ಣ ಎಂಜಿನ್ ಹಿಡಿದು ಸೆಣಸಬೇಕು. ಡಿಯಲ್ಲಿ ಉಳಿಯಬೇಕೆಂದರೆ ಬೋರ್ 4.029 ದಾಟಬಾರದು. 20 ಥೌಗೆ ನಿಲ್ಲಿಸಿದರೆ 304.62, ಮುಂದೊಮ್ಮೆ ಹೋನ್ ಮಾಡಲೂ (ಸಿಲಿಂಡರ್ ಗೋಡೆ ಉಜ್ಜಿ ನುಣುಪು ಮಾಡಲೂ) ಜಾಗ ಉಳಿಯುತ್ತದೆ. 30 ಥೌ ಆಗಿಯೇ ಹೋಗಿದ್ದರೆ ಕ್ರ್ಯಾಂಕ್ ಜರ್ನಲ್‌ಗಳನ್ನು (ಕನೆಕ್ಟಿಂಗ್ ರಾಡ್ ಕೂರುವ ಭಾಗಗಳನ್ನು) ಕೇಂದ್ರ ಸರಿಯುವಂತೆ ಆಫ್‌ಸೆಟ್ ಗ್ರೈಂಡ್ ಮಾಡಿಸಿ ಸ್ಟ್ರೋಕನ್ನು 2.99ಕ್ಕೆ ಇಳಿಸಿ: 305.11. ಪಿಸ್ಟನ್ ಮೇಲ್ತುದಿಗೆ ಬಂದಾಗ ಮೊದಲಿಗಿಂತ 5 ಥೌ ಕೆಳಗೆ ನಿಲ್ಲುತ್ತದೆ, ಕಂಪ್ರೆಷನ್ ತುಸು ಇಳಿಯುತ್ತದೆ; ತೆಳು ಹೆಡ್ ಗ್ಯಾಸ್ಕೆಟ್‌ನಿಂದ ಅದನ್ನು ಸರಿದೂಗಿಸಬಹುದು. ಮೆಷಿನ್ ಶಾಪಿಗೆ ಬ್ಲಾಕ್ ಕೊಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಬೇಕು. ದಾಖಲೆ ಆದಮೇಲೆ ಎಂಜಿನ್ ಅಳೆಯುತ್ತಾರೆ, ಆಗ 0.14 ಘನ ಇಂಚಿಗೂ ರಿಯಾಯಿತಿ ಇಲ್ಲ.

ಹೆಚ್ಚು ಕ್ಲಾಸ್ ಎಂದರೆ ಹೆಚ್ಚು ಖರ್ಚು ಎಂಬ ವಾದ ನಿಲ್ಲುವುದಿಲ್ಲ. ಅಲೆಕ್ಸ್ ಝೈಡಿಯಸ್ ಅವರ ಸೋ-ಕ್ಯಾಲ್ ತಂಡ ಯುದ್ಧವಿಮಾನದ ಇಂಧನ ಟ್ಯಾಂಕಿನಿಂದ ಮಾಡಿದ ಒಂದೇ ಲೇಕ್‌ಸ್ಟರ್‌ಗೆ (ಚಕ್ರಗಳು ಬಾಡಿಯ ಹೊರಗಿರುವ ರೇಸ್ ಕಾರಿಗೆ) 1952ರಲ್ಲಿ ಬೇರೆ ಬೇರೆ ಗಾತ್ರದ ಎಂಜಿನ್ ಕೂರಿಸಿ ಮೂರು ಕ್ಲಾಸ್‌ನಲ್ಲಿ ಓಡಿಸಿತು. ದೊಡ್ಡ ಎಂಜಿನ್‌ನಲ್ಲಿ ವೇಗ 198 ಮೈಲಿ ಮುಟ್ಟಿತು. ಒಂದೇ ಚಾಸಿಗೆ ಹಲವು ಗುರಿ ಸಿಗುವುದು ಅಕ್ಷರಗಳು ಹಲವು ಇರುವುದರಿಂದ.

ವಿರೋಧ: ಅಳೆಯಬೇಕಾದ್ದನ್ನು ಅಕ್ಷರ ಅಳೆಯುತ್ತಿಲ್ಲ

ಬೋರ್ ಲೆಕ್ಕ ಸರಿಯೇ. ಆದರೆ 305 ಘನ ಇಂಚಿನ ಹಳೆಯ ಪುಶ್‌ರಾಡ್ ಎಂಜಿನ್ನೂ ಸಿಲಿಂಡರಿಗೆ ನಾಲ್ಕು ವಾಲ್ವಿನ, ನಾಲ್ಕು ಕ್ಯಾಮ್‌ನ ಹೊಸ ವಿ8 ಕೂಡ ಅದೇ ಡಿ. ಹೊಸದು ಹೆಚ್ಚು ಆರ್‌ಪಿಎಂ ತಾಳಿಕೊಂಡು ಅದೇ ಗಾತ್ರದಿಂದ ಹೆಚ್ಚು ಗಾಳಿ ನುಂಗುತ್ತದೆ. ಒಂದು ಥೌಗೆ ಜಗಳ ಕಾಯುವ ನಿಯಮ ಈ ಅಂತರವನ್ನು ನೋಡುವುದೇ ಇಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಬಿ ಎಂಬ ಒಂದಕ್ಷರದಲ್ಲಿದೆ. ಬಾನ್‌ವಿಲ್ ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಮೇಲಿದೆ, ಆಗಸ್ಟ್ ಬಿಸಿಲಿಗೆ ಗಾಳಿ ಇನ್ನೂ ತೆಳುವಾಗುತ್ತದೆ. ಬ್ಲೋವರ್ ಇಲ್ಲದ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ, ಆದರೆ ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುವುದರಿಂದ ಲೆಕ್ಕ ಸಮ. ಎಂಜಿನ್ನೇ ಬೆಲ್ಟ್‌ನಿಂದ ತಿರುಗಿಸುವ ಬ್ಲೋವರ್, ಅಂದರೆ ಬೆಲ್ಟ್ ಸೂಪರ್‌ಚಾರ್ಜರ್, ಪುಲ್ಲಿ ಅನುಪಾತಕ್ಕೆ ಕಟ್ಟುಬಿದ್ದಿದೆ: ತೆಳು ಗಾಳಿಯಲ್ಲಿ ಬೂಸ್ಟ್ (ತುಂಬುವ ಒತ್ತಡ) ಬೀಳುತ್ತದೆ, ಜೊತೆಗೆ ಕ್ರ್ಯಾಂಕ್‌ನಿಂದಲೇ ಶಕ್ತಿ ಎಳೆಯುತ್ತದೆ. ಎಂಜಿನ್ ಹೊಗೆಯ ಬಲದಿಂದ ತಿರುಗುವ ಟರ್ಬೊ ಹಾಗಲ್ಲ. ವೇಸ್ಟ್‌ಗೇಟ್ (ಹೆಚ್ಚುವರಿ ಹೊಗೆ ಹೊರಬಿಡುವ ಕವಾಟ) ಮುಚ್ಚಿಕೊಂಡು ಇನ್ನಷ್ಟು ಜೋರಾಗಿ ತಿರುಗಿ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ತೆಳು ಗಾಳಿಯ ಲಾಭ ಪೂರ್ತಿ ಅದರದ್ದೇ. ಎರಡೂ ಒಂದೇ ಕ್ಲಾಸ್. ನೂರಾರು ಕ್ಲಾಸ್ ಮಾಡಿದವರು ಈ ಗೆರೆಯನ್ನೇ ಎಳೆದಿಲ್ಲ.

ಇನ್ನು ದಾಖಲೆಯ ಮಾತು. ಸ್ಪೀಡ್ ವೀಕ್‌ನಲ್ಲಿ ಇರುವ ದಾಖಲೆಯನ್ನು ಮೀರಿ ಓಡಿದ ಕಾರು ಇಂಪೌಂಡ್‌ಗೆ (ಕಾವಲಿನ ಆವರಣಕ್ಕೆ) ಹೋಗುತ್ತದೆ. ಕೆಲಸ ಮಾಡಲು ನಾಲ್ಕು ಗಂಟೆ, ಮರುದಿನ ಬೆಳಗ್ಗೆ ಎರಡನೇ ಓಟ, ಎರಡರ ಸರಾಸರಿಯೇ ದಾಖಲೆ. ಕ್ರಮ ಕಠಿಣವಾದದ್ದು, ಗೌರವಕ್ಕೆ ತಕ್ಕದ್ದು. ಆದರೆ ಯಾರೂ ಬಾರದ ಕ್ಲಾಸ್‌ನಲ್ಲಿ ಮೀರಬೇಕಾದ ಅಂಕಿಯೇ ಸಣ್ಣದು. 200 ಮೈಲಿ ಮೀರಿದ ದಾಖಲೆ ಮಾಡಿದವರ 200 ಮೈಲಿ ಕ್ಲಬ್ಬಿನ ಕೆಂಪು ಟೋಪಿಗಾಗಿ ಜನ ದಾಖಲೆ ಪಟ್ಟಿಯಲ್ಲಿ ಮೆತ್ತಗಿನ ಜಾಗ ಹುಡುಕಿ, ಅದಕ್ಕೆ ಹೊಂದುವ ಕಾರು ಕಟ್ಟುತ್ತಾರೆ. ಕಷ್ಟದ ಕ್ಲಾಸ್‌ನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವರಿಗೂ ಇವರಿಗೂ ಸಿಗುವುದು ಅದೇ ಟೋಪಿ.

ಇಷ್ಟು ಕ್ಲಾಸ್‌ಗೆ ಹಂಚಲು ಉಪ್ಪೂ ಅಕ್ಷಯವಲ್ಲ. ನೆಲ ಹಾಳಾಗಿ, ನೀರು ನಿಂತು 2014, 2015, 2022ರಲ್ಲಿ ಸ್ಪೀಡ್ ವೀಕ್ ರದ್ದಾಯಿತು. ನಡೆದ ವರ್ಷವೂ ಒಂದೇ ಟ್ರ್ಯಾಕಿನ ಮೇಲೆ ಕಾರುಗಳು ಓಡಿದಷ್ಟೂ ಮೇಲ್ಪದರ ಪುಡಿಯಾಗಿ ಚಕ್ರ ಜಾರುತ್ತದೆ, ಎಂಜಿನ್‌ನಲ್ಲಿರುವ ಶಕ್ತಿ ನೆಲಕ್ಕೆ ಇಳಿಯುವುದಿಲ್ಲ.

ಫ್ಲ್ಯಾಟ್‌ಹೆಡ್ ಮತ್ತು ರೋಡ್‌ಸ್ಟರ್ ಕ್ಲಾಸ್‌ಗಳನ್ನು ಮುಟ್ಟಬೇಕಿಲ್ಲ, ಅವು ಈ ಕ್ರೀಡೆಯ ಬೇರು. ಹತ್ತು ವರ್ಷ ಒಬ್ಬರೂ ಓಡದ ಕ್ಲಾಸನ್ನು ಮುಚ್ಚಿ. ಹಳೆಯ ದಾಖಲೆ ಪುಸ್ತಕದಲ್ಲಿ ಇರಲಿ, ಇಬ್ಬರು ಹೆಸರು ಕೊಟ್ಟ ದಿನ ಮತ್ತೆ ತೆರೆಯಿರಿ. ಮೂರು ಲೀಟರಿಗಿಂತ ಕೆಳಗಿನ ಎಫ್‌ನಿಂದ ಕೆವರೆಗಿನ ಆರು ಅಕ್ಷರಗಳನ್ನು ಎರಡೆರಡಾಗಿ ಸೇರಿಸಿ ಮೂರು ಮಾಡಿ. ಹೀಗೆ ಉಳಿದ ಜಾಗದಲ್ಲಿ ಟರ್ಬೊ ಮತ್ತು ಬೆಲ್ಟ್ ಬ್ಲೋವರನ್ನು ಬೇರ್ಪಡಿಸಿ.