ಕಾಂಪೌಂಡಿನೊಳಗಿನ ಹೊಗೆ

ಕಸಕ್ಕೆ ಬೆಂಕಿ ಹಚ್ಚಿದವರಿಗೆ ದಂಡ ವಿಧಿಸಲಾಗುವುದೆಂಬ ಎಚ್ಚರಿಕೆಯನ್ನು ಈ ಚಳಿಗಾಲದಲ್ಲೂ ತಾವೆಲ್ಲ ಓದಿರುತ್ತೀರಿ. ಕಿಟಕಿ ಮುಚ್ಚಿಕೊಂಡೇ ಓದಿರುತ್ತೀರಿ. ಹಾಸನವನ್ನು ಬಡವರ ಊಟಿ ಎಂದು ಕರೆದವರು ಇಲ್ಲಿನ ತಂಪನ್ನು ಕಂಡು ಹಾಗೆಂದರೇ ಹೊರತು, ಬೆಳಗಿನ ಏಳು ಗಂಟೆಗೆ ಬಡಾವಣೆಗಳ ಮೇಲೆ ಕವಿಯುವ ಬಿಳಿಯ ಪರದೆಯಲ್ಲಿ ಮಂಜೆಷ್ಟು, ತೆಂಗಿನ ಗರಿಯೆಷ್ಟು, ಹರಿದ ಚಪ್ಪಲಿಯೆಷ್ಟು ಎಂದು ಬೇರ್ಪಡಿಸಿ ನೋಡಿರಲಾರರು. ಪ್ರವಾಸಿಗರು ಅಷ್ಟನ್ನೂ ಮಂಜೆಂದೇ ತಿಳಿದು ಫೋಟೊ ತೆಗೆದುಕೊಳ್ಳುತ್ತಾರೆ; ಊರಿನ ಮಾನದ ಪ್ರಶ್ನೆಯಾದ್ದರಿಂದ ನಾವು ತಿದ್ದಲು ಹೋಗುವುದಿಲ್ಲ.

ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ನೆಲದ ಮೇಲಿನ ತಣ್ಣನೆಯ ಗಾಳಿ ಮೇಲಿರುವ ಬೆಚ್ಚನೆಯ ಪದರದ ಕೆಳಗೆ ಸಿಕ್ಕಿಕೊಳ್ಳುವುದರಿಂದ, ಬೆಳಗ್ಗೆ ಎದ್ದ ಹೊಗೆ ಮೇಲೇರದೆ ಮನೆಗಳೊಳಗೆ ನುಗ್ಗುತ್ತದೆ. ನಮ್ಮ ಜನ ಕಡ್ಡಿ ಗೀರುವುದೂ ಸರಿಯಾಗಿ ಅದೇ ಹೊತ್ತಿಗೆ. ಹವಾಮಾನ ಶಾಸ್ತ್ರ ಓದಿಕೊಂಡು ಮುಹೂರ್ತ ಇಟ್ಟಿದ್ದರೂ ಇಷ್ಟು ನಿಖರವಾಗುತ್ತಿರಲಿಲ್ಲ.

ಕಾನೂನಿಲ್ಲವೆಂದು ಯಾರೂ ದೂರುವಂತಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೀದಿಯಲ್ಲಿ, ಚರಂಡಿಯಲ್ಲಿ, ತಮ್ಮ ಆವರಣದ ಹೊರಗಿನ ಸಾರ್ವಜನಿಕ ಜಾಗದಲ್ಲಿ ಯಾರೂ ಕಸ ಸುಡಬಾರದೆಂದವು. ಆವರಣದ ಹೊರಗೆ ತಾನೇ, ಎಂದು ಹಿತ್ತಲಿನ ಮಾಲೀಕರು ನೆಮ್ಮದಿಯಾದರು. ಬೆಂಕಿ ನಮ್ಮ ಕಾಂಪೌಂಡಿನೊಳಗಿದೆ, ಹೊಗೆ ನಿಮ್ಮ ಮನೆಗೆ ಬಂದಿದ್ದರೆ ಅದು ಹೊಗೆಯ ಸ್ವಂತ ನಿರ್ಧಾರ. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನೇ ನಿಷೇಧಿಸಿ, ಸಾಧಾರಣವಾಗಿ ಸುಟ್ಟವರು 5,000, ರಾಶಿಗಟ್ಟಲೆ ಸುಟ್ಟವರು 25,000 ರೂಪಾಯಿ ತೆರಬೇಕೆಂದಿತು. ಬ್ರಿಟಿಷರಂತೂ 1860ರ ದಂಡಸಂಹಿತೆಯಲ್ಲಿಯೇ, ಜನರ ಆರೋಗ್ಯ ಕೆಡುವಂತೆ ಗಾಳಿಯನ್ನು ಕೆಡಿಸಿದವನಿಗೆ 500 ರೂಪಾಯಿವರೆಗೆ ದಂಡ ಇಟ್ಟಿದ್ದರು; 2023ರ ಭಾರತೀಯ ನ್ಯಾಯ ಸಂಹಿತೆ ಅದನ್ನು 1,000ಕ್ಕೆ ಏರಿಸಿತು. 163 ವರ್ಷಗಳಲ್ಲಿ ಚಿನ್ನದ ಬೆಲೆ ಏನಾಯಿತೆಂದು ಕೇಳಬೇಡಿ, ಗಾಳಿಯ ಬೆಲೆ ಎರಡು ಪಟ್ಟಾಗಿದೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ 2009ರ ಮಾನದಂಡ 60. ನಮ್ಮ ಶ್ವಾಸಕೋಶ ನಾಲ್ಕು ಪಟ್ಟು ಗಟ್ಟಿಯೆಂದು ಲಿಖಿತವಾಗಿಯೇ ಸಿಕ್ಕಂತಾಯಿತು.

ಸಕಲೇಶಪುರದ ಕಡೆ ಕಾಫಿ ತೋಟ ಇಟ್ಟುಕೊಂಡು ಹಾಸನದಲ್ಲಿ ಮನೆ ಕಟ್ಟಿಸಿದ ಮಹನೀಯರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ತೋಟದಲ್ಲಿ ನೆರಳಿನ ಮರದಿಂದ ಉದುರಿದ ಒಂದು ತರಗೆಲೆಯನ್ನೂ ಅವರು ಹೊರಗೆ ಬಿಡುವುದಿಲ್ಲ: ಅದು ಗಿಡದ ಬುಡದಲ್ಲಿ ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ಆಳೊಬ್ಬ ಅಲ್ಲಿ ಬೀಡಿ ಹಚ್ಚಿದರೆ ಅವನ ಮೂರು ತಲೆಮಾರಿಗೂ ಬೈಗುಳ ತಪ್ಪಿದ್ದಲ್ಲ. ಅದೇ ಮಹನೀಯರು ಊರಿನ ಮನೆಗೆ ಬಂದರೆ ಮಾವಿನೆಲೆಯನ್ನು ಗುಡ್ಡೆ ಹಾಕಿಸಿ ಬೆಂಕಿ ಇಡುತ್ತಾರೆ, ಸಂಜೆ ಕುಂಡದ ಗುಲಾಬಿಗೆಂದು ನರ್ಸರಿಯಿಂದ ಎರೆಗೊಬ್ಬರದ ಚೀಲ ಹೊತ್ತು ತರುತ್ತಾರೆ. ಇಬ್ಬನಿಯಲ್ಲಿ ನೆಂದ ಎಲೆ ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಉರಿಯಲೆಂದು ಅದರ ಮೇಲೆ ಹಾಲಿನ ಕವರು, ಪಾರ್ಸೆಲ್ಲಿನ ಥರ್ಮಕೋಲು, ಸವೆದ ಹವಾಯಿ ಚಪ್ಪಲಿ ಬೀಳುತ್ತವೆ. ಕೇಳಿದರೆ, “ಸೊಳ್ಳೆ ಹೋಗ್ಲಿ ಅಂತ ಸಾರ್.” ಸೊಳ್ಳೆ ಹೋಗಿರುವುದು ನಿಜ, ಪಕ್ಕದ ಮನೆಗೆ.

ಹಂಡೆಯೊಲೆಗೆ ಸೌದೆ ಇಟ್ಟು ನೀರು ಕಾಯಿಸುವ ಬಡವರ ಮಾತು ಬೇರೆ. ಆ ಹೊಗೆಯನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕೂತ ಹೆಂಗಸೇ. ಆಕೆಗೆ ಬೇಕಾಗಿರುವುದು ಕೈಗೆಟುಕುವ ಬೆಲೆಯ ಸಿಲಿಂಡರ್, ದಂಡದ ಚೀಟಿಯಲ್ಲ. ಆದರೆ ಛಾವಣಿಯ ಮೇಲೆ ಸೋಲಾರ್, ಒಳಗೆ ಮೂರು ಗೀಸರ್, ಬಾಗಿಲಿಗೆ ಕಸದ ಆಟೋ ಇದ್ದೂ ಹಿತ್ತಲಲ್ಲಿ ಪ್ಲಾಸ್ಟಿಕ್ ಸುಡುವುದಕ್ಕೆ ಏನೆನ್ನಬೇಕು? ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್ ಇರುತ್ತವೆ. ಪಿವಿಸಿ ತುಂಡು ಬಿದ್ದರೆ ಡಯಾಕ್ಸಿನ್ ಹುಟ್ಟುತ್ತದೆ. ಇನ್‌ಹೇಲರ್ ಹಿಡಿದು ರಾತ್ರಿ ಕಳೆಯುವ ಮುದುಕರಿಗೆ, ಮುಖಕ್ಕೆ ನೆಬ್ಯುಲೈಸರ್ ಕಟ್ಟಿಸಿಕೊಂಡು ಅಳುವ ಮಕ್ಕಳಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ನನಗೂ ತಮಾಷೆ ಮಾಡಿ ಸಾಕಾಗಿದೆ.

ದೂರು ಹಿಡಿದು ಹೋದವರಿಗೆ ಒಂದು ಕಚೇರಿ ಇದು ಕಾರ್ಖಾನೆಯ ಹೊಗೆಯಲ್ಲವಲ್ಲ ಎನ್ನುತ್ತದೆ, ಇನ್ನೊಂದು ಬೆಂಕಿ ಉರಿಯುತ್ತಿರುವಾಗಲೇ ಬನ್ನಿ ಎನ್ನುತ್ತದೆ, ಮೂರನೆಯದು ಅಕ್ಕಪಕ್ಕದವರು ಹೊಂದಿಕೊಂಡು ಹೋಗಬೇಕೆಂದು ಬುದ್ಧಿ ಹೇಳುತ್ತದೆ. ಗುಡಿಸಿದ ಎಲೆ ಸಾಗಿಸಲು ಪೌರಕಾರ್ಮಿಕರಿಗೆ ಗಾಡಿ ಕೊಡದೆ ರಸ್ತೆ ಮಾತ್ರ ಸ್ವಚ್ಛವಾಗಿರಬೇಕೆಂದರೆ ಅವರಾದರೂ ಏನು ಮಾಡಿಯಾರು? ತರಗೆಲೆಗೆಂದೇ ವಾರಕ್ಕೊಮ್ಮೆ ಒಂದು ಟ್ರ್ಯಾಕ್ಟರ್ ಕಳಿಸಿ, ಪಾರ್ಕಿನ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಸಿ ಎಂದರೆ ಅನುದಾನವಿಲ್ಲವಂತೆ. ತಲೆಗೆ 5,000 ರೂಪಾಯಿಯಂತೆ ಒಂದೇ ಒಂದು ಅಡ್ಡರಸ್ತೆಯಲ್ಲಿ ಒಂದು ವಾರ ವಸೂಲು ಮಾಡಿದರೂ ಬಾಡಿಗೆ ಟ್ರ್ಯಾಕ್ಟರು, ಅದರ ಡೀಸೆಲ್ಲು, ಚಾಲಕನ ಕೂಲಿ ಎಲ್ಲವೂ ಹುಟ್ಟುತ್ತವೆ. ಅದಕ್ಕೆ ಮೊದಲು ರಸೀದಿ ಪುಸ್ತಕ ಅಚ್ಚಾಗಬೇಕು.