ಆಮ್ಲಜನಕಕ್ಕೂ ಸುಂಕದ ಕಟ್ಟೆ

ಸ್ಮಾರ್ಟ್‌ವಾಚ್‌ನಲ್ಲಿ ರಕ್ತದ ಆಮ್ಲಜನಕದ ದಾಖಲೆ ಅಲ್ಲಲ್ಲಿ ಖಾಲಿ ಬಿದ್ದರೆ ಏನು ಮಾಡಬೇಕೆಂದು ತಯಾರಕರನ್ನು ಕೇಳಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ, ಆ ಉತ್ತರದಲ್ಲಿ ತಪ್ಪೆಲ್ಲವೂ ವಾಚು ಕಟ್ಟಿಕೊಂಡವರದ್ದೇ ಆಗಿರುತ್ತದೆ. ಪಟ್ಟಿ ಸಡಿಲವಾಗಿರಬೇಕು, ಬಿಗಿ ಮಾಡಿಕೊಳ್ಳಿ. ಚಳಿಗೆ ಕೈ ತಣ್ಣಗಾಗಿ ಚರ್ಮದಲ್ಲಿ ರಕ್ತದ ಹರಿವು ಕಡಿಮೆಯಾಗಿರಬೇಕು, ಬೆಚ್ಚಗೆ ಮಾಡಿಕೊಳ್ಳಿ. ಹಚ್ಚೆ ಹಾಕಿಸಿಕೊಂಡಿದ್ದರೆ ಅದರ ಬಣ್ಣವೇ ಬೆಳಕನ್ನು ತಡೆದಿರಬೇಕು, ಅದಕ್ಕೆ ನಾವು ಹೊಣೆಯಲ್ಲ. ಕೈಯನ್ನು ಮೇಜಿನ ಮೇಲೆ ಚಾಚಿ, ವಾಚಿನ ಮುಖವನ್ನು ಮೇಲಾಗಿಸಿ, 15 ಸೆಕೆಂಡು ಅಲುಗಾಡದೆ ಕೂರಬೇಕು. ಎದೆಬಡಿತ ನಿಮಿಷಕ್ಕೆ 150 ದಾಟಿದ್ದರೆ ಅಳತೆ ಸಿಗದು. ಅಂದರೆ ಏದುಸಿರು ಬಿಡುತ್ತಿರುವವರು ಮೊದಲು ಸುಧಾರಿಸಿಕೊಂಡು ಆಮೇಲೆ ಬಂದು ತಮ್ಮ ಉಸಿರಿನ ಲೆಕ್ಕ ಕೇಳಬೇಕು.

ಈ ಸಲಹೆಗಳು ಸುಳ್ಳಲ್ಲ. ಆಮ್ಲಜನಕವನ್ನು ಹೊತ್ತ ಹಿಮೊಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರಿ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಇದಕ್ಕೆ ತದ್ವಿರುದ್ಧ. ಈ ವ್ಯತ್ಯಾಸವನ್ನು ನಾಡಿಯ ಏರಿಳಿತದೊಂದಿಗೆ ಜೋಡಿಸಿ ಶೇಕಡಾವಾರು ಲೆಕ್ಕ ತೆಗೆಯುವ ಉಪಾಯವನ್ನು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದಲ್ಲೇ ಕಂಡುಕೊಂಡಿದ್ದರು. ಬೆರಳ ತುದಿಯಲ್ಲಿ ಬೆಳಕು ಈ ಕಡೆಯಿಂದ ಆ ಕಡೆಗೆ ಹಾದುಹೋಗುತ್ತದೆ. ಮಣಿಕಟ್ಟಿನಲ್ಲಿ ಚರ್ಮಕ್ಕೆ ಬಡಿದು ಮರಳಿದ ಅಲ್ಪಸ್ವಲ್ಪ ಬೆಳಕನ್ನೇ ನಂಬಿ ಕೂರಬೇಕು. ಹೀಗಾಗಿ ಕೈ ಕೊಂಚ ಅಲುಗಿದರೂ ಲೆಕ್ಕ ಕೆಡುತ್ತದೆ ಎನ್ನುವುದು ಒಪ್ಪತಕ್ಕ ಮಾತೇ.

ಆದರೆ 2024ರ ಜನವರಿ 18ರಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ ಅಮೆರಿಕದಲ್ಲಿ ಹೊಸ ಆಪಲ್ ವಾಚ್ ಕೊಂಡವರು ಗೊಮ್ಮಟನಂತೆ ತೋಳಿಗೆ ಬಳ್ಳಿ ಹಬ್ಬುವವರೆಗೆ ನಿಶ್ಚಲವಾಗಿ ನಿಂತಿದ್ದರೂ ಅವರ ಆಮ್ಲಜನಕದ ಅಂಕಿ ಮೂಡುತ್ತಿರಲಿಲ್ಲ. ದೋಷ ಕೈಯಲ್ಲಿರಲಿಲ್ಲ, ಪಟ್ಟಿಯಲ್ಲಿರಲಿಲ್ಲ, ಹಚ್ಚೆಯಲ್ಲೂ ಇರಲಿಲ್ಲ. ಅದು ವಾಷಿಂಗ್ಟನ್‌ನ ಕಡತವೊಂದರಲ್ಲಿತ್ತು.

ಆಪಲ್ 2020ರ ಸೆಪ್ಟೆಂಬರ್‌ನಲ್ಲಿ ಸೀರೀಸ್ 6 ವಾಚಿನೊಂದಿಗೆ ಈ ಸೌಲಭ್ಯವನ್ನು ತಂದಿತು. ಆಸ್ಪತ್ರೆಗಳಿಗೆ ಆಕ್ಸಿಮೀಟರ್ ಮಾಡಿಕೊಡುವ ಮಾಸಿಮೊ ಎಂಬ ಕಂಪನಿ, ಇದು ತನ್ನ ಪೇಟೆಂಟಿನ ಸೊತ್ತೆಂದು 2021ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಮೆಟ್ಟಿಲು ಹತ್ತಿತು. ಎರಡೂ ಕ್ಯಾಲಿಫೋರ್ನಿಯಾದ ಕಂಪನಿಗಳು. ಆದರೂ ವಾಚುಗಳು ತಯಾರಾಗಿ ಬರುವುದು ಕಡಲಾಚೆಯಿಂದಾದ್ದರಿಂದ, ನೆರೆಮನೆಯವರ ಈ ಜಗಳ ಆಮದಿನ ಪ್ರಶ್ನೆಯಾಯಿತು. ಮಾಸಿಮೊ ಹೇಳುವುದು ನಿಜವೆಂದು 2023ರ ಅಕ್ಟೋಬರ್‌ನಲ್ಲಿ ಆಯೋಗ ತೀರ್ಪಿತ್ತಿತು. ಅದನ್ನು ತಳ್ಳಿಹಾಕಲು ಅಧ್ಯಕ್ಷರಿಗಿದ್ದ 60 ದಿನಗಳ ಅವಕಾಶ ಬಳಕೆಯಾಗದೆ ಕಳೆಯಿತು. ಕ್ರಿಸ್‌ಮಸ್ ಮರುದಿನ ಆಮದು ನಿಷೇಧ ಜಾರಿಯಾಗಿ, ಅದರ ಮರುದಿನ ಮೇಲ್ಮನವಿ ನ್ಯಾಯಾಲಯದ ತಡೆ ಬಂದು, ಮೂರು ವಾರಗಳಲ್ಲಿ ಆ ತಡೆಯೂ ತೆರವಾಯಿತು. ಆಗ ಆಪಲ್ ವಾಚಿನಿಂದ ಸೆನ್ಸರನ್ನು ಕೀಳಲಿಲ್ಲ, ಬೆಲೆಯನ್ನೂ ಇಳಿಸಲಿಲ್ಲ. ಅಂಕಿ ಹೇಳಬೇಡವೆಂದು ಸಾಫ್ಟ್‌ವೇರಿಗೆ ಅಪ್ಪಣೆ ಕೊಟ್ಟು ಮಾರಾಟ ಮುಂದುವರಿಸಿತು. ಬೆನ್ನಿನಲ್ಲಿ ಕೆಂಪು ದೀಪ ಇದ್ದಲ್ಲೇ ಇತ್ತು, ಪರದೆಯ ಮೇಲೆ ಬ್ಲಡ್ ಆಕ್ಸಿಜನ್ ಗುರುತೂ ಇತ್ತು. ಮುಟ್ಟಿದರೆ, ಈ ಆ್ಯಪ್ ಈಗ ಲಭ್ಯವಿಲ್ಲ, ಹೆಚ್ಚಿನ ವಿವರವನ್ನು ಫೋನಿನಲ್ಲಿ ನೋಡಿ ಎಂಬ ಸೌಜನ್ಯದ ಸಾಲು ಮೂಡುತ್ತಿತ್ತು.

ನಮ್ಮವರಿಗೆ ಈ ಕಥೆ ತಟ್ಟಿದ್ದು ಸೂಟ್‌ಕೇಸಿನ ಮೂಲಕ. ಸ್ಯಾಚುರೇಷನ್ ಎಂಬ ಶಬ್ದ 2021ರ ಕೋವಿಡ್ ಅಲೆಯಲ್ಲಿ ಅಡುಗೆಮನೆಯವರೆಗೂ ಬಂದು, 94 ಎಂಬ ಅಂಕಿ ಪ್ರತಿ ಮನೆಯ ಆತಂಕದ ಗೆರೆಯಾದ ಮೇಲೆ, ಅಪ್ಪನಿಗೊಂದು ವಾಚು ಕೊಡಿಸುವುದು ಅಮೆರಿಕದ ಮಗನ ಕರ್ತವ್ಯಗಳ ಪಟ್ಟಿಗೆ ಸೇರಿತು. ಇಂಥ ಮನೆಯೊಂದರ ಭಾನುವಾರದ ವಿಡಿಯೊ ಕರೆಯನ್ನು ಊಹಿಸಿಕೊಳ್ಳಿ. “ಅಪ್ಪ, ಪಟ್ಟಿ ಬಿಗಿಯಾಗಿದೆಯಾ?” “ಬೆರಳು ಜೋಮು ಹಿಡಿಯೋ ಹಾಗೆ ಬಿಗಿದಿದ್ದೀನಿ ಕಣೋ.” “ಕೈ ಅಲ್ಲಾಡಿಸ್ತಿದ್ದೀರೇನೋ.” “ಅಲ್ಲಾಡಿಸ್ತಿಲ್ಲಪ್ಪ, ನಿಮ್ಮಮ್ಮ ಹಿಡ್ಕೊಂಡಿದ್ದಾಳೆ.” ನೋಡಬೇಕಾಗಿದ್ದುದು ವಾಚಿನ ಸೆಟ್ಟಿಂಗ್ಸ್‌ನಲ್ಲಿ ಅಡಗಿದ್ದ ಮಾದರಿ ಸಂಖ್ಯೆಯನ್ನು. ಅದು ‘ಎಲ್‌ಡಬ್ಲ್ಯು/ಎ’ ಎಂದು ಕೊನೆಗೊಂಡರೆ, ಅಂದರೆ ಅಮೆರಿಕದಲ್ಲಿ ಈ ಸೌಲಭ್ಯ ಮುಚ್ಚಿ ಮಾರಿದ ವಾಚಾದರೆ, ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಅದೇ ವಾಚನ್ನು ಬೆಂಗಳೂರಿನ ಅಂಗಡಿಯಲ್ಲಿ ಕೊಂಡವರಿಗೆ ಆಮ್ಲಜನಕ ಸಲೀಸಾಗಿ ಸಿಗುತ್ತಿತ್ತು. ಅವರು ಅದನ್ನು ಕಟ್ಟಿಕೊಂಡೇ ಅಮೆರಿಕಕ್ಕೆ ಹೋದರೂ ಸಿಗುತ್ತಿತ್ತು. ಫಾರಿನ್ ಮಾಲಿಗೆ ತಲೆಮಾರುಗಳಿಂದ ಸಂದ ಗೌರವವನ್ನು ನಮ್ಮ ಸ್ವದೇಶಿ ಭಾಷಣಗಳೆಲ್ಲ ಸೇರಿಯೂ ಅಲುಗಾಡಿಸಲಾಗಿರಲಿಲ್ಲ. ಅಮೆರಿಕದ ಆಯೋಗವೊಂದು ಒಂದೇ ಆದೇಶದಲ್ಲಿ ಅದನ್ನು ಸಾಧಿಸಿತು.

ಪರಿಹಾರ ಬಂದ ಬಗೆ ರೋಗಕ್ಕಿಂತ ಸೊಗಸಾಗಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ನಮ್ಮ ಹಿರಿಯರು ನಂಬಿದ್ದರು. ಆಪಲ್ ನೇರವಾಗಿ ಅಮೆರಿಕದ ಸುಂಕ ಇಲಾಖೆಯ ಮುಂದೆಯೇ ಹೋಗಿ ಹೇಳಿಕೊಂಡಿತು, ಇಲಾಖೆ ಕಿವಿಗೊಟ್ಟಿತು. ಅಲ್ಲಿ ಇತ್ಯರ್ಥವಾದ ತತ್ವವಿಷ್ಟು: ವಾಚು ನೋಡಬಹುದು, ಎಣಿಸಕೂಡದು. ಬೆಳಕು ಬಿಟ್ಟು, ಮರಳಿದ ಬೆಳಕನ್ನು ಹಿಡಿದು, ಆ ಕಚ್ಚಾ ಮಾಹಿತಿಯನ್ನು ವಾಚು ಜೇಬಿನಲ್ಲಿರುವ ಐಫೋನಿಗೆ ಒಪ್ಪಿಸತಕ್ಕದ್ದು. ಭಾಗಾಕಾರ, ಗುಣಾಕಾರಗಳನ್ನು ಐಫೋನು ಮಾಡತಕ್ಕದ್ದು. ಉತ್ತರವನ್ನು ಐಫೋನಿನ ಹೆಲ್ತ್ ಆ್ಯಪ್‌ನ ಉಸಿರಾಟದ ವಿಭಾಗದಲ್ಲಷ್ಟೇ ನೋಡತಕ್ಕದ್ದು. 2025ರ ಆಗಸ್ಟ್ 14ರಂದು ಆಪಲ್ ಇದನ್ನು ಪ್ರಕಟಿಸಿದಾಗ, ಸುಂಕದವರು ತನ್ನನ್ನು ಕರೆದು ಕೇಳದೆಯೇ ತೀರ್ಮಾನ ಮಾಡಿದ್ದಾರೆಂದು ಮಾಸಿಮೊ ಒಂದು ವಾರದೊಳಗೆ ಇಲಾಖೆಯ ಮೇಲೆಯೇ ದಾವೆ ಹೂಡಿತು. ನವೆಂಬರ್‌ನಲ್ಲಿ ಆಯೋಗವೂ ಈ ಹೊಸ ವ್ಯವಸ್ಥೆಯನ್ನು ಮತ್ತೆ ಪರಿಶೀಲಿಸಲು ಹೊರಟಿತು. ಬೆವರು, ಮೂಳೆ, ರಕ್ತನಾಳಗಳಿರುವ ಮಣಿಕಟ್ಟಿಗೂ ಪ್ಯಾಂಟಿನ ಜೇಬಿಗೂ ನಡುವೆ ಇರುವ ಎರಡಡಿ ದೂರದಲ್ಲಿ ಗಣಿತ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಒಂದು ದೇಶದ ಗಡಿ ಕಾಯುವ ಇಲಾಖೆ ಉತ್ತರ ಹುಡುಕಿತು ಎಂಬುದು ಆಡಳಿತದ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ.

ಪಕ್ಕದ ದಾವೆಗಳನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಮಾಸಿಮೊದ ವಾಚು ತನ್ನ ವಿನ್ಯಾಸವನ್ನು ಕದ್ದಿದೆಯೆಂದು ಆಪಲ್ ಹೂಡಿದ ಮೊಕದ್ದಮೆಯಲ್ಲಿ ಡೆಲವೇರ್‌ನ ಜ್ಯೂರಿ 2024ರ ಅಕ್ಟೋಬರ್‌ನಲ್ಲಿ ಆಪಲ್‌ಗೆ 250 ಡಾಲರ್ ಪರಿಹಾರ ಕೊಡಿಸಿತು. 399 ಡಾಲರಿನಿಂದ ಬೆಲೆ ಶುರುವಾಗುತ್ತಿದ್ದ ಸೀರೀಸ್ 9 ವಾಚು ಆ ಹಣಕ್ಕೆ ಬರುತ್ತಿರಲಿಲ್ಲ. ಮರುವರ್ಷ ಕ್ಯಾಲಿಫೋರ್ನಿಯಾದ ಜ್ಯೂರಿ, ಎದೆಬಡಿತಕ್ಕೆ ಸಂಬಂಧಿಸಿದ ಬೇರೊಂದು ಪೇಟೆಂಟಿನ ವಿಷಯದಲ್ಲಿ ಆಪಲ್ ಮಾಸಿಮೊಗೆ 63.4 ಕೋಟಿ ಡಾಲರ್ ಕೊಡಬೇಕೆಂದಿತು. ಪೇಟೆಂಟ್ ಉಳ್ಳವರು ಅದಕ್ಕಾಗಿ ಹೋರಾಡುವುದು ತಪ್ಪೆಂದು ನಾನು ಹೇಳಲಾರೆ. ಆಯೋಗದ ಮುಂದೆ ಗೆದ್ದದ್ದು ಮಾಸಿಮೊ, ಅದೂ ಗಾತ್ರದಲ್ಲಿ ತನಗೆ ಹೋಲಿಕೆಯೇ ಇಲ್ಲದ ಎದುರಾಳಿಯ ಮೇಲೆ. ವಿಚಿತ್ರವೆಂದರೆ, ಇಷ್ಟು ಕಾದಾಟಕ್ಕೆ ಯೋಗ್ಯವಾದ ಈ ಅಂಕಿಯನ್ನು ವೈದ್ಯಕೀಯ ಬಳಕೆಗೆ ನಂಬಬಾರದೆಂದು ಆಪಲ್ ತಾನೇ ಮೊದಲ ದಿನದಿಂದ ಬರೆದುಕೊಂಡು ಬಂದಿದೆ. ದೇಶದ ಬಂದರುಗಳಲ್ಲಿ ತಡೆಯಲು ಸಾಕಾಗುವಷ್ಟು ಗಂಭೀರವಾದ ವಸ್ತು ವೈದ್ಯರಿಗೆ ತೋರಿಸುವಷ್ಟು ಗಂಭೀರವಲ್ಲ.

ಇಷ್ಟು ವಕೀಲರು ಇಷ್ಟು ವರ್ಷ ಹೊಡೆದಾಡಿದ ಈ ದಾವೆಗಳಲ್ಲಿ ಯಾರೂ ಎತ್ತದ ತೂತೊಂದು ಬೇರೆಯೇ ಇದೆ. ಆಸ್ಪತ್ರೆಯ ಆಕ್ಸಿಮೀಟರುಗಳು ಕಪ್ಪುಜನಾಂಗದ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಲ್ಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಾಣದೆ ಬಿಡುತ್ತಿವೆಯೆಂದು 2020ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಚರ್ಮದ ಬಣ್ಣ ಗಾಢವಾದಷ್ಟೂ ಯಂತ್ರ ಇಲ್ಲದ ಆಮ್ಲಜನಕವನ್ನು ಇದೆಯೆನ್ನುವ ಸಂಭವ ಹೆಚ್ಚು. ನಮ್ಮ ಮೈಬಣ್ಣದವರು ಕಾಳಜಿಪಡಬೇಕಾದ ಪ್ರಶ್ನೆ ಅದು. ಆದರೆ ಅದರ ಮೇಲೆ ಯಾರದೂ ಪೇಟೆಂಟ್ ಇಲ್ಲವಾದ್ದರಿಂದ ಈ ಪೇಟೆಂಟ್ ಜಗಳದಲ್ಲಿ ಅದಕ್ಕೆ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ.

ಇಷ್ಟಾದ ಮೇಲೆ ಅಮೆರಿಕದ ವಾಚು ಕಟ್ಟಿಕೊಂಡವರ ದಾಖಲೆಯಲ್ಲಿ ಈಗಲೂ ಖಾಲಿ ಜಾಗ ಕಂಡರೆ ತನಿಖೆಯ ಕ್ರಮ ಹೀಗಿರಬೇಕಾಗುತ್ತದೆ: ಐಫೋನಿನ ಸಾಫ್ಟ್‌ವೇರ್ 18.6.1ಕ್ಕೂ ವಾಚಿನದು 11.6.1ಕ್ಕೂ ಏರಿದೆಯೇ, ಫೋನು ವಾಚಿಗೆ ಜೋಡಿಯಾಗಿದೆಯೇ, ಆಯೋಗ ಹೊಸದಾಗಿ ಏನಾದರೂ ಹೇಳಿದೆಯೇ, ಪಟ್ಟಿ ಬಿಗಿಯಾಗಿದೆಯೇ. ಜಗಳದ ಮೂಲವಾದ ಪೇಟೆಂಟುಗಳ ಅವಧಿ ಮುಗಿಯುವುದು 2028ರ ಆಗಸ್ಟ್‌ನಲ್ಲಿ. ತಡೆಯಲಾರದವರು ಕೋವಿಡ್ ಕಾಲದಲ್ಲಿ ಕೊಂಡು ಬೀರುವಿನಲ್ಲಿ ಬಿಸಾಕಿದ ಬೆರಳಿನ ಆಕ್ಸಿಮೀಟರಿಗೆ ಎರಡು ಹೊಸ ಸೆಲ್ ಹಾಕಿ ನೋಡಬಹುದು. ಅದು ಬೆಳಕನ್ನು ತಾನೇ ಬಿಟ್ಟು, ಲೆಕ್ಕವನ್ನೂ ತಾನೇ ಮಾಡಿ, ಉತ್ತರವನ್ನು ತನ್ನ ಮೈಮೇಲೆಯೇ ತೋರಿಸುತ್ತದೆ.